ಉತ್ತರ ಕಡಲ ತೀರದ ಒಂದು ಪ್ರಾಚೀನ ಸಮಾಧಿ

(ಶ್ರೀಮಠದ ಪಾಠಶಾಲೆಯ ಸುವರ್ಣಮಹೋತ್ಸವದ ಎರಡನೆಯ ದಿವಸದ ಸಭೆಯಲ್ಲಿ ಮಾಡಿದ ಭಾಷಣ)



ಮಹೋತ್ಸವದ ಸಭೆಯೆಂದ ಬಳಿಕ ಷಟ್‌ಸ್ಥಲವನ್ನಾಗಲಿ ಅಷ್ಟಾವರಣವನ್ನಾಗಲಿ ಕುರಿತು ಮಾತನಾಡುವುದು ವಾಡಿಕೆಯಾಗಿರುವುದು. ನಾನು ಈ ಪಾಠಶಾಲೆಯಲ್ಲಿಯೇ ಓದಿ, ಇಲ್ಲಿಯೇ ಮಕ್ಕಳಿಗೆ ವ್ಯಾಕರಣ ಹೇಳುತ್ತ ತಲೆ ನರೆಯಿಸಿಕೊಂಡವನು. ಅಂಥವನು ಇಂದು ಪರದೇಶದ ಒಂದು ಸಮಾಧಿಯ ವಿಷಯವನ್ನು ಎತ್ತಿಕೊಂಡಿರುವೆನೆಂದು ತಾವು ಆಶ್ಚರ್ಯಪಡಬಹುದು. ಆದರೆ “ನೀವು ಅಲ್ಲಿ ಕಂಡದ್ದನ್ನು ಭಕ್ತರ ಮುಂದೆ ಇಟ್ಟುಬಿಡಿರಿ, ಉಳಿದದ್ದನ್ನು ಅವರೇ ತೂಗಿ ನೋಡಲಿ” ಎಂದು ಶ್ರೀಗಳವರೇ ಅಪ್ಪಣೆ ಕೊಡಿಸಿದ್ದಾರೆ. ಅದೇತಕ್ಕೆಂಬುದು ಮಾತಿನ ಕೊನೆಗೆ ತಮಗೆ ತಿಳಿದುಬರುವುದು.

ಲಂಡನ್ ಪಟ್ಟಣದಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ 2015ನೆಯ ಇಸವಿಯಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣವಾದದ್ದು ತಮಗೆಲ್ಲ ತಿಳಿದ ಸಂಗತಿ. 2018ನೆಯ ಇಸವಿಯಲ್ಲಿ ಅದರ ದರ್ಶನದ ಭಾಗ್ಯ ನನಗೆ ದೊರೆಯಿತು. ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಬೆಳೆದು, ಈಗ ಸ್ಕಾಟ್ಲೆಂಡ್ ದೇಶದ ಅಬರ್ಡೀನ್ ನಗರದಲ್ಲಿ ವೈದ್ಯವೃತ್ತಿಯಲ್ಲಿರುವ ನಮ್ಮ ಶಿಷ್ಯರೊಬ್ಬರು ಅಲ್ಲಿಗೆ ಬಂದು ನನ್ನನ್ನು ತಮ್ಮ ಮನೆಗೆ ಕರೆದೊಯ್ದರು. ಒಂದು ದಿನ ಅವರು, “ಗುರುಗಳೆ, ತಮಗೆ ಅರಮನೆ ಅಂಗಡಿಗಳನ್ನು ತೋರಿಸಿ ಪ್ರಯೋಜನವಿಲ್ಲ. ಐದು ಸಾವಿರ ವರ್ಷದ ಒಂದು ಸಮಾಧಿಯಿದೆ, ಭೂಮಿಯ ಕೊನೆಯಂಥ ಜಾಗ. ಬರುವಿರಾ?” ಎಂದು ಕೇಳಿದರು. ನಾನು ಒಪ್ಪಿದೆನು.

ಸ್ಕಾಟ್ಲೆಂಡಿನ ಉತ್ತರದ ತುದಿಯಾಚೆ ಕಡಲಿನಲ್ಲಿ ಓರ್ಕ್ನಿ ಎಂಬ ದ್ವೀಪಸಮೂಹವಿದೆ. ಸುಮಾರು 70 ದ್ವೀಪಗಳು. ಜನವಸತಿಯುಳ್ಳವು 20ರಷ್ಟು ಮಾತ್ರ. ಗಿಲ್ಸ್ ಬೇ ಎಂಬ ಸಣ್ಣ ರೇವಿನಿಂದ ಹಡಗು ಹತ್ತಿದರೆ ಒಂದು ತಾಸಿನ ಪ್ರಯಾಣ. ಆದರೆ ಅಟ್ಲಾಂಟಿಕ್ ಮಹಾಸಾಗರವೂ ಉತ್ತರಸಮುದ್ರವೂ ಕೂಡುವ ಆ ಪೆಂಟ್‌ಲೆಂಡ್ ಜಲಸಂಧಿಯಲ್ಲಿ ನೀರಿನ ಸೆಳೆತ ಎಷ್ಟು ಬಲವಾದದ್ದೆಂದರೆ, ಬಯಲುಸೀಮೆಯವನಾದ ನಾನು ಆ ಒಂದು ತಾಸನ್ನು ಪಂಚಾಕ್ಷರಿಯನ್ನು ಬಿಡದೆ ಜಪಿಸುತ್ತ ಕಳೆದೆನೆಂದು ಹೇಳಲು ನಾಚುವುದಿಲ್ಲ. ಹಡಗು ಸೌತ್ ರೊನಾಲ್ಡ್‌ಸೇ ಎಂಬ ದ್ವೀಪಕ್ಕೆ ಮುಟ್ಟಿತು. ಜೂನ್ ತಿಂಗಳಾಗಿದ್ದರೂ ಮೈ ಕೊರೆಯುವ ಗಾಳಿ. ಆ ದಿನಗಳಲ್ಲಿ ಅಲ್ಲಿ ರಾತ್ರಿಯೆಂಬುದು ಹೆಸರಿಗೆ ಮಾತ್ರ. ನಡುರಾತ್ರಿಯಲ್ಲಿಯೂ ಆಕಾಶದ ಅಂಚು ಬೆಳ್ಳಗಿರುವುದು. ಮರಗಳು ಬಹು ವಿರಳ. ಎಲ್ಲಿ ನೋಡಿದರೂ ಹುಲ್ಲುಗಾವಲು, ದನ, ಕುರಿ, ಮತ್ತು ಕಲ್ಲು.

ಆ ಕಲ್ಲನ್ನು ಕಂಡಾಗ ನನಗೆ ನಮ್ಮ ಸೀಮೆಯೇ ನೆನಪಿಗೆ ಬಂದಿತು. ನಮ್ಮ ಶಹಾಬಾದದ ಫರಸಿಯ ಹಾಗೆ ಅಲ್ಲಿಯ ಕಲ್ಲೂ ಪದರು ಪದರಾಗಿ ಏಳತಕ್ಕದ್ದು. ನಮ್ಮದು ಸುಣ್ಣಗಲ್ಲು, ಅವರದು ಮರಳುಗಲ್ಲು; ಜಾತಿ ಬೇರೆಯಾದರೂ ಗುಣ ಒಂದೇ. ಕಟ್ಟಿಗೆಗೆ ಬಡತನವಾದ ಆ ನಾಡಿನಲ್ಲಿ, ಲೋಹವನ್ನೇ ಕಾಣದ ಜನರು, ಕಲ್ಲಿನಿಂದಲೇ ಕಲ್ಲನ್ನು ಎಬ್ಬಿಸಿ, ಗಾರೆಯಿಲ್ಲದೆ ಒಂದರ ಮೇಲೊಂದನ್ನು ಕೂಡಿಸಿ, ಐದು ಸಾವಿರ ವರ್ಷ ನಿಲ್ಲತಕ್ಕ ಗೋಡೆಗಳನ್ನು ಕಟ್ಟಿದರು.

ನಾವು ನೋಡಹೋದ ಸಮಾಧಿಯಿರುವ ಸ್ಥಳದ ಹೆಸರು ಇಸ್ಬಿಸ್ಟರ್. ಅದು ಬೆಳಕಿಗೆ ಬಂದ ಬಗೆಯನ್ನು ಮೊದಲು ಹೇಳಬೇಕು. ಯಾಕಂದರೆ ನನ್ನ ಮಾತಿನ ಬೇರು ಅಲ್ಲಿಯೇ ಇರುವುದು.

1958ನೆಯ ಇಸವಿಯಲ್ಲಿ ಆ ಹೊಲದ ಒಕ್ಕಲಿಗ ರೋನಾಲ್ಡ್ ಸಿಮಿಸನ್ ಎಂಬವರು ಬೇಲಿಯ ಕೆಲಸಕ್ಕೆಂದು ಕಡಲಂಚಿನ ದಿಬ್ಬದಲ್ಲಿ ಕಲ್ಲು ಹುಡುಕುತ್ತಿದ್ದರು. ಹಳೆಯದೊಂದು ಗೋಡೆ ಕಂಡಿತು. ಅದರ ಬುಡದಲ್ಲಿ ನುಣ್ಣಗೆ ತಿಕ್ಕಿದ ಶಿಲಾಯುಧಗಳು ದೊರೆತವು. ಕೆಲವು ದಿನಗಳ ಮೇಲೆ ಮತ್ತೆ ಅಗೆಯಲು ಒಂದು ಕತ್ತಲೆಯ ಗೂಡು ತೆರೆಯಿತು. ಜೇಬಿನಲ್ಲಿದ್ದ ಸಿಗರೇಟು ಹೊತ್ತಿಸುವ ಕಿಡಿಪೆಟ್ಟಿಗೆಯ ಬೆಳಕು ಹಿಡಿದು ಇಣುಕಿದರೆ, ಒಳಗಿನಿಂದ ಸುಮಾರು ಮೂವತ್ತು ತಲೆಬುರುಡೆಗಳು ಅವರನ್ನೇ ನೋಡುತ್ತಿದ್ದವು!

ಇಂಥ ಸಮಯದಲ್ಲಿ ನಮ್ಮಂಥವರು ಏನು ಮಾಡುತ್ತಿದ್ದೆವು? ಹೆದರಿ ಓಡುತ್ತಿದ್ದೆವು, ಇಲ್ಲವೆ ನಿಧಿಯಿರಬಹುದೆಂದು ಕೈ ಹಾಕುತ್ತಿದ್ದೆವು. ಆ ಒಕ್ಕಲಿಗರು ಇವೆರಡನ್ನೂ ಮಾಡಲಿಲ್ಲ. ಬಲ್ಲವರಿಗೆ ವಿಷಯವನ್ನು ತಿಳಿಸಿದರು. ಬಂದವರು ಸ್ವಲ್ಪ ಪರಿಶೀಲಿಸಿ ಹೋದ ಬಳಿಕ ಆ ಬಾಯಿ ಮತ್ತೆ ಮುಚ್ಚಲ್ಪಟ್ಟಿತು. ಅವರು ಕಾಯ್ದರು, ಒಂದೆರಡು ವರ್ಷವಲ್ಲ, 18 ವರ್ಷ. ತಮ್ಮ ಹೊಲದ ಅಂಚಿನಲ್ಲಿ ಏನಿದೆಯೆಂಬುದು ಗೊತ್ತಿದ್ದೂ ದನ ಮೇಯಿಸಿಕೊಂಡು, ಬಿತ್ತಿ ಬೆಳೆದುಕೊಂಡು ಇದ್ದರು. ಕೊನೆಗೆ 1976ರಲ್ಲಿ ಅಗೆಯುವ ಶಾಸ್ತ್ರೀಯ ಕ್ರಮವನ್ನು ತಿಳಿದುಕೊಂಡು ತಾವೇ ಕೆಲಸಕ್ಕೆ ಕೈ ಹಚ್ಚಿದರು. ಅಲ್ಲಿ ಸಿಕ್ಕಿದ್ದನ್ನೆಲ್ಲ ಜಾನ್ ಹೆಜಸ್ ಎಂಬ ವಿದ್ವಾಂಸರು ಪರಿಶೀಲಿಸಿ, 1984ರಲ್ಲಿ ಸಾಮಾನ್ಯ ಓದುಗರಿಗಾಗಿಯೂ ಒಂದು ಪುಸ್ತಕ ಬರೆದು ಪ್ರಕಟಿಸಿದರು. ನಾವು ಹೋದಾಗ ಆ ಮನೆತನದವರೇ ಹೊಲದ ಬಳಿ ಒಂದು ಸಣ್ಣ ಸಂಗ್ರಹಾಲಯವನ್ನು ನಡೆಯಿಸುತ್ತಿದ್ದರು. 2020ರ ಸಾಂಕ್ರಾಮಿಕದ ಕಾಲದಲ್ಲಿ ಅದು ಮುಚ್ಚಿತು. ನಾವು ಅದಕ್ಕೆ ಮುಂಚೆ ಹೋಗಿದ್ದುದು ಸುಕೃತವೇ ಸರಿ.

ಆ ಸಂಗ್ರಹಾಲಯದಲ್ಲಿ ಕೆಲವು ತಲೆಬುರುಡೆಗಳನ್ನು ಇಟ್ಟಿದ್ದರು. ಒಂದಕ್ಕೆ ಮನೆಯವರು “ಜಾಕ್ ಟಾಮ್‌ಸನ್” ಎಂದು ಹೆಸರಿಟ್ಟಿದ್ದರು. ಇದೇನು ಪರಿಹಾಸ್ಯವೋ ಎಂದು ಶಿಷ್ಯರನ್ನು ಕೇಳಿದೆನು. ಅದಕ್ಕೆ ಅವರು, ಸ್ಕಾಟ್ಲೆಂಡಿನಲ್ಲಿ ‘ನಾವೆಲ್ಲರೂ ಜಾಕ್ ಟಾಮ್‌ಸನ್ನನ ಮಕ್ಕಳೇ’ ಎಂದು ಒಂದು ಗಾದೆಯುಂಟೆಂದೂ, ಮನುಷ್ಯರಲ್ಲಿ ಮೇಲು ಕೀಳಿಲ್ಲವೆಂಬುದೇ ಅದರ ತಾತ್ಪರ್ಯವೆಂದೂ ವಿವರಿಸಿದರು. ಶರಣಬಂಧುಗಳೇ, ಆ ಮಾತನ್ನು ಕೇಳಿ ನನಗಾದ ಸಂತೋಷವನ್ನು ತಾವೇ ಊಹಿಸಿಕೊಳ್ಳಬೇಕು. ಅಷ್ಟು ದೂರದ ಒಕ್ಕಲುಮನೆಯಲ್ಲಿ, ಬಸವಣ್ಣನವರ ಹೆಸರನ್ನು ಕೇಳಿರದ ಜನರ ಬಾಯಲ್ಲಿ, ನಮ್ಮ ಮತದ ಹೃದಯವೇ ಗಾದೆಯಾಗಿ ಕುಳಿತಿತ್ತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮತ್ತೊಂದು ಸಂಗತಿ. ಕೆಲವು ಬುರುಡೆಗಳ ನೆತ್ತಿಯ ಮೇಲೆ ಅಡ್ಡಲಾಗಿ ಒಂದು ತಗ್ಗು ಕಾಣುವುದೆಂದೂ, ಎಳೆಯ ವಯಸ್ಸಿನಿಂದಲೇ ತಲೆಗೆ ಪಟ್ಟಿ ಹಾಕಿ ಬೆನ್ನ ಮೇಲೆ ಭಾರ ಹೊತ್ತುದರಿಂದ ಅದು ಬಿದ್ದಿರಬೇಕೆಂದೂ ಪರಿಶೀಲಿಸಿದವರು ಅಭಿಪ್ರಾಯಪಟ್ಟಿದ್ದಾರೆ. ಕೀಲುವಾತದಿಂದ ಸವೆದ ಬೆನ್ನೆಲುಬುಗಳೂ ಅಲ್ಲಿ ಬಹಳವಾಗಿ ಸಿಕ್ಕಿದವು. ಐವತ್ತು ವರ್ಷ ದಾಟಿದವರು ಅವರಲ್ಲಿ ಬಹು ವಿರಳ. ನನಗೆ ಆಗ ಐವತ್ತೆರಡು. ಅವರ ನಡುವೆ ಹುಟ್ಟಿದ್ದರೆ ನಾನು ಎಂದೋ ಆ ರಾಶಿಯಲ್ಲಿ ಸೇರಿರುತ್ತಿದ್ದೆನು. ಆ ಜನರ ಭಾಷೆ ಯಾವುದು, ದೇವರು ಯಾರು ಎಂಬುದೊಂದೂ ಉಳಿದಿಲ್ಲ. ಅವರ ದುಡಿಮೆಯ ಗುರುತು ಮಾತ್ರ ಎಲುಬಿನ ಮೇಲೆ ಉಳಿದಿದೆ. ಕಾಯಕವು ಮನುಷ್ಯನ ಅಸ್ಥಿಗತವಾಗುವುದೆಂಬ ಮಾತನ್ನು ನಾನು ಅಲಂಕಾರವೆಂದು ತಿಳಿದಿದ್ದೆನು. ಅಂದು ಅದನ್ನು ಕಣ್ಣಾರೆ ಕಂಡೆನು.

ಅಲ್ಲಿಂದ ಸಮಾಧಿಗೆ ಸುಮಾರು ಒಂದು ಮೈಲು ಕಾಲುದಾರಿ. ಒಂದು ಕಡೆ ಹುಲ್ಲು, ಮತ್ತೊಂದು ಕಡೆ ಕಡಿದಾದ ಬಂಡೆ, ಅದರ ಕೆಳಗೆ ಕಡಲು. ದಿಬ್ಬವನ್ನು ದೂರದಿಂದ ನೋಡಿದರೆ ಅದರಲ್ಲಿ ವಿಶೇಷವೇನೂ ಇಲ್ಲ. ಬಾಗಿಲು ಕಡಲಿನ ಕಡೆಗೆ ಮುಖ ಮಾಡಿದೆ. ಒಳಗೆ ಹೋಗುವ ಇಕ್ಕಟ್ಟಾದ ದಾರಿ ಸುಮಾರು 3 ಮೀಟರು ಉದ್ದ. ಎತ್ತರ ಒಂದು ಮೀಟರಿಗೂ ಕಡಿಮೆ. ಮೊಣಕಾಲೂರಿ ತೆವಳಬೇಕಾಗಿತ್ತು, ಇಲ್ಲವೆ ಅಲ್ಲಿಟ್ಟಿದ್ದ ಗಾಲಿಗಳುಳ್ಳ ಹಲಗೆಯ ಮೇಲೆ ಮಲಗಿ, ಮೇಲೆ ಕಟ್ಟಿದ ಹಗ್ಗವನ್ನು ಜಗ್ಗುತ್ತ ಸಾಗಬೇಕಾಗಿತ್ತು. ಬೋರಲು ಮಲಗಿದರೆ ಎದೆಯ ಮೇಲಿನ ಕರಡಿಗೆಗೆ ಒತ್ತು ಬೀಳುವುದೆಂದು ನಾನು ಅಂಗಾತ ಮಲಗಿ, ಒಂದು ಕೈಯಿಂದ ಇಷ್ಟಲಿಂಗವನ್ನು ಹಿಡಿದು, ಇನ್ನೊಂದು ಕೈಯಿಂದ ಹಗ್ಗವನ್ನು ಜಗ್ಗಿದೆನು. ಮೂಗಿನ ಮೇಲೆಯೇ ಎಂಬಂತೆ ಐದು ಸಾವಿರ ವರ್ಷದ ಕಲ್ಲು ಹಿಂದಕ್ಕೆ ಸರಿಯುತ್ತಿತ್ತು. ಪಂಡಿತನೆಂಬ ಅಭಿಮಾನ, ಹಿರಿಯನೆಂಬ ಅಭಿಮಾನ, ಇವು ಯಾವುವೂ ಆ ಬಾಗಿಲಲ್ಲಿ ಹಿಡಿಸತಕ್ಕವಲ್ಲ. ಯಾರೇ ಬಂದರೂ ಮಗುವಿನಂತೆ ತೆವಳಬೇಕು, ಇಲ್ಲವೆ ಹೆಣದಂತೆ ಮಲಗಬೇಕು.

ಒಳಗೆ ಎದ್ದು ನಿಂತೆನು. ಉದ್ದವಾದ ಒಂದು ಕೋಣೆ. ನಿಲ್ಲಿಸಿದ ಚಪ್ಪಡಿಗಳು ಅದನ್ನು ಅಂಕಣಗಳಾಗಿ ಭಾಗಿಸಿವೆ. ಗೋಡೆಯಲ್ಲಿ ಸಣ್ಣ ಗೂಡುಗಳಿವೆ. ಮೇಲಿನ ಹಳೆಯ ಚಾವಣಿ ಉಳಿದಿಲ್ಲವಾದ್ದರಿಂದ ಈ ಕಾಲದ ಚಾವಣಿಯನ್ನು ಹೊದಿಸಿ ಬೆಳಕು ಬರುವ ಹಾಗೆ ಮಾಡಿದ್ದಾರೆ. ಹೊರಗೆ ಭೋರ್ಗರೆಯುತ್ತಿದ್ದ ಗಾಳಿ ಒಳಗೆ ಕೇಳಲೊಲ್ಲದು. ನನ್ನ ಉಸಿರು ನನಗೆ ಕೇಳಿಸಿತು.

ಈ ಕೋಣೆಯಲ್ಲಿ ಸುಮಾರು 16,000 ಮಾನವಾಸ್ಥಿಗಳು ದೊರೆತವು. ಗಂಡಸರು, ಹೆಂಗಸರು, ಮಕ್ಕಳು, ಎಲ್ಲರವೂ ಇದ್ದವು. ಆದರೆ ಒಬ್ಬನ ಮೈ ಒಂದೆಡೆ ಪೂರ್ತಿಯಾಗಿ ಇರಲಿಲ್ಲ. ಎಲುಬುಗಳನ್ನು ಒಂದರೊಡನೊಂದು ಬೆರೆಸಿ ಕೂಡಿಸಿದ್ದರು, ಬುರುಡೆಗಳನ್ನು ಬೇರೆಯಾಗಿ ಜೋಡಿಸಿದ್ದರು. ಒಡೆಯನದು ಇದು, ಆಳಿನದು ಅದು ಎಂದು ತೋರಿಸುವ ಗುರುತಿಲ್ಲ. ತಲೆತಲಾಂತರದಿಂದ ಬಂದವರು ಬಂದಂತೆ ಅದೇ ರಾಶಿಯಲ್ಲಿ ಕೂಡಿಕೊಂಡಿದ್ದರು. ನನ್ನ ಅಜ್ಜನ ಎಲುಬು ಯಾವುದೆಂದು ಅಲ್ಲಿ ಯಾವ ಮೊಮ್ಮಗನೂ ತೋರಿಸುವಂತಿರಲಿಲ್ಲ. ಎಲ್ಲರೂ ಎಲ್ಲರ ಅಜ್ಜಂದಿರಾಗಿದ್ದರು.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಮಾತು. ಆ ಎಲುಬುಗಳಲ್ಲಿ ಬಿಳಿಬಾಲದ ಕಡಲಹದ್ದುಗಳ ಎಲುಬುಗಳೂ ಬಹಳವಾಗಿ ಸಿಕ್ಕಿದ್ದರಿಂದ ಆ ಸ್ಥಳಕ್ಕೆ ‘ಹದ್ದುಗಳ ಸಮಾಧಿ’ ಎಂದು ಹೆಸರು ಬಂದಿತು. ಅದನ್ನು ಕಟ್ಟಿದ ಜನರಿಗೆ ಹದ್ದೇ ಕುಲಲಾಂಛನವಾಗಿದ್ದಿರಬೇಕೆಂದು ವಿದ್ವಾಂಸರು ಊಹಿಸಿದರು. ಆದರೆ ಮುಂದೆ ಇಂಗಾಲದ ಪರೀಕ್ಷೆಯಿಂದ ಕಾಲನಿರ್ಣಯ ಮಾಡಿ ನೋಡಲಾಗಿ, ಸಮಾಧಿ ಕಟ್ಟಿ ನೂರಾರು ವರ್ಷಗಳಾದ ಮೇಲೆ, ಹೆಚ್ಚುಕಡಿಮೆ ಒಂದು ಸಾವಿರ ವರ್ಷದಷ್ಟು ಈಚೆಗೆ, ಆ ಹದ್ದುಗಳು ಅಲ್ಲಿಗೆ ಬಂದವೆಂದು ತಿಳಿದುಬಂದಿತು. ಅದೇ ರೀತಿ, ಎಲುಬುಗಳು 342 ಜನರವೆಂದು ಮೊದಲು ಮಾಡಿದ ಎಣಿಕೆ ಬಹಳ ಹೆಚ್ಚಾಯಿತೆಂದು ತರುವಾಯದ ವಿದ್ವಾಂಸರು ಅದನ್ನು ನೂರಕ್ಕೂ ಕೆಳಗೆ ಇಳಿಸಿದರು. ತಪ್ಪಾಯಿತೆಂದು ಹೇಳಲು ಅವರು ಸಂಕೋಚಪಡಲಿಲ್ಲ. ನಾವು ಶಾಸ್ತ್ರ ಓದಿದವರು ಒಂದು ಪಾಠಾಂತರವನ್ನು ಒಪ್ಪಿಕೊಳ್ಳುವುದಕ್ಕೂ ಮನಸ್ತಾಪ ಕಟ್ಟಿಕೊಳ್ಳುವೆವು. ಇನ್ನೊಂದು ಸ್ವಾರಸ್ಯವಿದೆ. ಮನುಷ್ಯನ ಕಾಟದಿಂದ ಬ್ರಿಟನ್ ದೇಶದಲ್ಲಿಯೇ ನಿರ್ವಂಶವಾಗಿದ್ದ ಆ ಹದ್ದುಗಳನ್ನು ನಾರ್ವೆಯಿಂದ ತಂದು ಬಿಟ್ಟು ಬೆಳೆಸಿದುದರ ಫಲವಾಗಿ, ನಾನು ಹೋದ ಅದೇ 2018ರಲ್ಲಿ ಓರ್ಕ್ನಿಯ ಹೋಯ್ ದ್ವೀಪದಲ್ಲಿ ಒಂದು ನೂರು ವರ್ಷಕ್ಕೂ ಮೇಲ್ಪಟ್ಟು ಮೊದಲ ಸಲ ಅವುಗಳ ಮರಿಗಳು ಮೊಟ್ಟೆಯೊಡೆದವು. ಮನುಷ್ಯನು ಕಳೆದದ್ದನ್ನು ಮನುಷ್ಯನೇ ಮನಸ್ಸು ಮಾಡಿ ತಿರುಗಿ ತರಬಲ್ಲನು. ಆದರೆ ಎಲ್ಲವನ್ನೂ ತರಲಾರನು.

ತರಲಾರದ್ದಕ್ಕೆ ಉದಾಹರಣೆ ಹುಡುಕಲು ಕಡಲು ದಾಟಬೇಕಾದುದಿಲ್ಲ. ನಮ್ಮ ಸೀಮೆಯ ಹೊಲಗಳಲ್ಲಿಯೂ ಗುಡ್ಡಗಳಲ್ಲಿಯೂ ಚಪ್ಪಡಿಗಳನ್ನು ನಿಲ್ಲಿಸಿ ಮೇಲೆ ಬಂಡೆ ಹೊದಿಸಿದ ಕಲ್ಮನೆಗಳೂ, ಗುಂಡುಗಳನ್ನು ಸುತ್ತುವರಿಸಿದ ಕಲ್ಗುಪ್ಪೆಗಳೂ ಇವೆ. ಇವು ಬಹುಮಟ್ಟಿಗೆ ಕಬ್ಬಿಣದ ಯುಗದ ಸಮಾಧಿಗಳು. ಓರ್ಕ್ನಿಯವುಗಳಿಗಿಂತ ಎಷ್ಟೋ ಈಚಿನವು. ಅವರಿಗೂ ಇವರಿಗೂ ಸಂಬಂಧವಿತ್ತೆಂದು ನಾನು ಹೇಳುವುದಿಲ್ಲ. ಸುರಪುರ ಸಂಸ್ಥಾನದ ಮೇಲ್ವಿಚಾರಣೆಯಲ್ಲಿದ್ದ ಮೆಡೋಸ್ ಟೇಲರ್ ಸಾಹೇಬರು 1850ರ ಸುಮಾರಿಗೆ ಜೇವರ್ಗಿಯ ಬಳಿಯ ಕಲ್ಗುಪ್ಪೆಗಳನ್ನು ತೆಗೆಯಿಸಿ ನೋಡಿ, ಇಂಥವೇ ತಮ್ಮ ದೇಶದಲ್ಲಿಯೂ ಇವೆಯಲ್ಲಾ ಎಂದು ಬೆರಗಾಗಿ ಬರೆದರು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಅಂಥ ಕಲ್ಮನೆಗಳು ನೂರಾರು ಇವೆ. ಹಳ್ಳಿಯವರು ಅವನ್ನು ಮೋರ್ಯರ ಮನೆಗಳೆನ್ನುವರು. ಆದರೆ ಹೊಲ ಹಸನು ಮಾಡುವಾಗ ಕಿತ್ತು ಬದುವಿಗೆ ಹಾಕಿದ ಕಲ್ಲೆಷ್ಟು, ಒಡೆದು ರಸ್ತೆಗೆ ಹಾಸಿದ ಕಲ್ಲೆಷ್ಟು! ಬೇಲಿಗೆ ಕಲ್ಲು ಹುಡುಕಹೋಗಿ ಬಾಯಿ ಮುಚ್ಚಿ ಹಿಂದಿರುಗಿದ ಒಕ್ಕಲಿಗರ ದೊಡ್ಡತನ ನನಗೆ ಆಗ ಮನವರಿಕೆಯಾಯಿತು.

ಇಲ್ಲಿ ಕೆಲವರಿಗೆ ಆಕ್ಷೇಪಣೆ ತೋರಬಹುದು. ಶರಣಧರ್ಮದಲ್ಲಿ ಪ್ರೇತಸೂತಕವಿಲ್ಲ, ಶ್ರಾದ್ಧವಿಲ್ಲ. ಲಿಂಗದಲ್ಲಿ ಬೆರೆತವನಿಗೆ ಮಣ್ಣಿನ ಹಂಗಿಲ್ಲ. ಹೀಗಿರುವಾಗ ಎಲುಬಿಗೂ ಕಲ್ಲಿಗೂ ಇಷ್ಟು ಗೌರವವೇಕೆ? ಇದು ಸ್ಥಾವರಪೂಜೆಯಾಗಲಿಲ್ಲವೆ? ಎಂದು. ಆಕ್ಷೇಪಣೆ ಯುಕ್ತವಾದದ್ದೇ. ಆದರೆ ಸೂತಕವಿಲ್ಲವೆಂದರೆ ಸ್ಮರಣೆ ಬೇಡವೆಂದು ಅರ್ಥವಲ್ಲ. ನಮ್ಮಲ್ಲಿ ಗುರುವನ್ನಾಗಲಿ ಗೌಡನನ್ನಾಗಲಿ ಕೂಲಿಯವನನ್ನಾಗಲಿ ಒಂದೇ ರೀತಿಯಲ್ಲಿ ಕುಳ್ಳಿರಿಸಿ, ಅದೇ ವಿಭೂತಿ, ಅದೇ ಪತ್ರಿ, ಅಂಗೈಯಲ್ಲಿ ಅದೇ ಲಿಂಗವಿಟ್ಟು ಮಣ್ಣಿಗೆ ಒಪ್ಪಿಸುವೆವು. ಮಣ್ಣಿನೊಳಗೆ ನಾವು ಕಾಪಾಡಿದ ಸಮತೆಯನ್ನು ಮಣ್ಣಿನ ಮೇಲೆ ಕಾಪಾಡಿದ್ದೇವೆಯೆ? ಅಳಿದವರಿಗೆ ನಮ್ಮಿಂದ ಆಗಬೇಕಾದುದೇನೂ ಇಲ್ಲ. ಹೆಸರಿದ್ದವರನ್ನು ಮಾತ್ರ ನೆನೆದು ಹೆಸರಿಲ್ಲದವರನ್ನು ತುಳಿಯುವ ಅಭ್ಯಾಸದಿಂದ ಕೆಡುವವರು ಉಳಿದವರಾದ ನಾವು.

ಇನ್ನು ನನ್ನ ತಪ್ಪನ್ನು ಒಪ್ಪಿಕೊಳ್ಳುವೆನು. ಈ ಮಹೋತ್ಸವದ ನಿಮಿತ್ತವಾಗಿ ದಾಸೋಹದ ಮನೆಯನ್ನು ವಿಸ್ತರಿಸಬೇಕೆಂದು ಕಾರ್ಯಕಾರೀ ಮಂಡಲಿಯಲ್ಲಿ ಆಲೋಚನೆ ಬಂದಾಗ, ತೋಟದ ಹಿಂದಿನ ಹಳೆಯ ರುದ್ರಭೂಮಿಯನ್ನು ಸಮ ಮಾಡಿ ಆ ಜಾಗವನ್ನು ಸೇರಿಸಿಕೊಳ್ಳಬಹುದೆಂದು ಬರೆದ ನಿರ್ಣಯದ ಕರಡು ನನ್ನ ಕೈಬರಹದ್ದು. “ಅಲ್ಲಿ ಗದ್ದುಗೆಗಳಾಗಲಿ ಶಾಸನಗಳಾಗಲಿ ಗುರುತಿಸತಕ್ಕ ಕಟ್ಟಡಗಳಾಗಲಿ ಇರುವುದಿಲ್ಲ” ಎಂದು ನಾನೇ ಬರೆದೆನು. ಅದು ಸುಳ್ಳಲ್ಲ. ಅಲ್ಲಿ ಮಲಗಿರುವವರು ಗದ್ದುಗೆ ಕಟ್ಟಿಸಿಕೊಳ್ಳತಕ್ಕವರಲ್ಲ. ದಾಸೋಹಕ್ಕೆ ಕಟ್ಟಿಗೆ ಒಡೆದವರು, ನೀರು ಹೊತ್ತವರು, ರೊಟ್ಟಿ ಬಡಿದ ತಾಯಂದಿರು, ಬರಗಾಲದಲ್ಲಿ ಅನ್ನ ಕೇಳಿಕೊಂಡು ಬಂದು ಇಲ್ಲಿಯೇ ಕಣ್ಣು ಮುಚ್ಚಿದವರು.

ನನ್ನ ತಂದೆಯವರೂ ಅಲ್ಲಿಯೇ ಇದ್ದಾರೆ. ಅವರು ಶ್ರೀಮಠದ ಉಗ್ರಾಣದಲ್ಲಿ ಜೋಳದ ಚೀಲ ಹೊರುತ್ತಿದ್ದರು. ಹೊತ್ತು ಹೊತ್ತು ಅವರ ಕೊರಳು ಒಂದು ಮಗ್ಗುಲಿಗೆ ವಾಲಿತ್ತು. ಹುಡುಗರು ಅದನ್ನು ನೋಡಿ ನಗುತ್ತಿದ್ದರು, ನಾನು ನಾಚುತ್ತಿದ್ದೆನು. ಅವರು ಲಿಂಗೈಕ್ಯರಾದಾಗ ನಾನು ಒಂಬತ್ತು ವರ್ಷದವನು. ಬೇವಿನ ಮರದ ಬಳಿ ಎಂಬಷ್ಟು ನೆನಪಿದೆ. ಆ ಮರ ಈಗಿಲ್ಲ. ಜಾಗವನ್ನು ತೋರಿಸಲಾರೆನು. ಆ ಕರಡನ್ನು ಬರೆಯುವಾಗ ಅವರ ನೆನಪಾಗಲಿಲ್ಲವೆ ಎಂದು ತಾವು ಕೇಳಿದರೆ, ಆಯಿತು. ಗುರುತು ತಿಳಿಯದ ಮೇಲೆ ಉಳಿಸಿಕೊಂಡು ಫಲವೇನೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆನು. ಕಡಲಿನಾಚೆ, ನೆತ್ತಿಯ ಮೇಲೆ ಭಾರದ ಗೆರೆ ಬಿದ್ದ ಆ ಬುರುಡೆಯ ಮುಂದೆ ನಿಂತಾಗ ತಂದೆಯವರ ವಾಲಿದ ಕೊರಳು ಕಣ್ಣಿಗೆ ಕಟ್ಟಿತು. ಐದು ಸಾವಿರ ವರ್ಷದ ಪರಕೀಯರ ಎಲುಬುಗಳನ್ನು ಒಬ್ಬ ಒಕ್ಕಲಿಗನು ಕಾಯ್ದಿರಲು, ನಾನು ಐವತ್ತು ವರ್ಷವಾಗದ ನನ್ನ ತಂದೆಯ ಎಲುಬುಗಳ ಮೇಲೆ ನೆಲಗಟ್ಟು ಹಾಕಿಸಲು ಲೇಖನಿ ಹಿಡಿದಿದ್ದೆನು.

ತಂದೆಯವರ ಜಾಗ ಯಾವುದೆಂದು ಈಗ ನಾನು ಹುಡುಕುವುದಿಲ್ಲ. ಆ ಕೋಣೆಯಲ್ಲಿ ಕಲಿತ ಪಾಠ ಅದೇ. ಗುರುತು ತಿಳಿಯದಿರುವುದೇ ಆ ನೆಲವನ್ನೆಲ್ಲ ಕಾಪಾಡಲು ಕಾರಣವಾಗಬೇಕು. ಅಲ್ಲಿಯ ಪ್ರತಿಯೊಂದು ಹಿಡಿ ಮಣ್ಣೂ ಯಾರದೋ ತಂದೆ, ಯಾರದೋ ತಾಯಿ.

ಶ್ರೀಗಳವರ ಸನ್ನಿಧಿಯಲ್ಲಿ ಇದನ್ನೆಲ್ಲ ಅರಿಕೆ ಮಾಡಿಕೊಂಡಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ದಾಸೋಹವೂ ಬೇಕಾದದ್ದೇ. ಹಸಿದವರ ಪಂಕ್ತಿ ವರ್ಷವರ್ಷಕ್ಕೆ ಬೆಳೆಯುತ್ತಿದೆ. ಇದನ್ನು ಭಕ್ತರೇ ನಿರ್ಣಯಿಸಲಿ” ಎಂದರು. ಅದು ನ್ಯಾಯವಾದ ಮಾತು. ಬದುಕಿರುವವರ ಹಸಿವಿಗಿಂತ ಅಳಿದವರ ನೆಲ ದೊಡ್ಡದೆಂದು ನಾನು ವಾದಿಸುವುದಿಲ್ಲ. ಆದರೆ ಶ್ರೀಮಠದ ಪೂರ್ವದಿಕ್ಕಿನಲ್ಲಿ ಕಣದ ಜಾಗವಿದೆ. ಅದು ದೂರವಾಗುವುದು, ಖರ್ಚು ಹೆಚ್ಚುವುದು, ಈ ವರ್ಷವೇ ಕಟ್ಟಡ ಮುಗಿಯಲಿಕ್ಕಿಲ್ಲ. ಹದಿನೆಂಟು ವರ್ಷ ಕಾಯ್ದವರ ಕಥೆಯನ್ನು ತಮ್ಮ ಮುಂದೆ ಇಟ್ಟಿರುವೆನು. ನಾವು ಒಂದೆರಡು ವರ್ಷ ಕಾಯಲಾರೆವೆ? ಹೆಚ್ಚಿದ ಖರ್ಚಿಗೆ ನನ್ನ ಪಾಲೆಂದು, ಪಾಠ ಹೇಳಿ ಕೂಡಿಟ್ಟ ಅಲ್ಪಸ್ವಲ್ಪವನ್ನು ಭಂಡಾರಕ್ಕೆ ಒಪ್ಪಿಸಿದ್ದೇನೆ. ಅದು ದಾನವಲ್ಲ, ನನ್ನ ಕೈಬರಹಕ್ಕೆ ತೆತ್ತ ದಂಡ.

ನಾಳಿನ ಸಭೆಯಲ್ಲಿ ಈ ವಿಷಯ ತಮ್ಮ ಮುಂದೆ ಬರುವುದು. ಅದಕ್ಕೆ ಮುಂಚೆ ಇಂದು ಸಂಜೆ ಪ್ರಸಾದವಾದ ಮೇಲೆ ತಾವು ಒಮ್ಮೆ ತೋಟದ ಹಿಂದೆ ಹೋಗಿ ಬರಬೇಕು. ಅಲ್ಲಿ ನೋಡತಕ್ಕದ್ದು ಏನೂ ಇಲ್ಲ. ಹುಲ್ಲು, ಕೆಲವು ತಗ್ಗು ದಿಣ್ಣೆ, ಅಷ್ಟೇ. ಆದರೂ ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಹೋಗಬೇಕೆಂದು ಬೇಡಿಕೊಳ್ಳುವೆನು. ಬಂದ ಮೇಲೆ ತಮಗೆ ತೋರಿದಂತೆ ನಿರ್ಣಯವಾಗಲಿ.